ಕಿಡ್ನಿ ಹಾಳು ಮಾಡಿದ್ದು ಯಾರು? ಜೆಪಿಯವರ ಕೊನೆಯ ಕಾಯಿಲೆ: ಒಂದು ಪ್ರಕರಣ ಅಧ್ಯಯನ

“ಇದನ್ನು ಹಾಳು ಮಾಡಿದ್ದು ಯಾರು ಅಂತ ಮೊದಲು ಹೇಳು ಮಾರಾಯ. ಆಮೇಲೆ ಸೂಜಿ ಚುಚ್ಚು.”

ಡಯಾಲಿಸಿಸ್ ಕುರ್ಚಿಯಲ್ಲಿ ಮೊದಲ ದಿನ ಕೂತ ನನ್ನ ಸೋದರಮಾವ ಎಡಗೈ ಚಾಚಿಕೊಂಡೇ ಹೇಳಿದ ಮಾತಿದು. ಮುಂಬೈ ಉಪನಗರದ ಒಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರದಲ್ಲಿ ನಾನು ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಗುಜರಾತಿ, ಮರಾಠಿ, ತುಳು, ಕನ್ನಡ ಎಲ್ಲದರಲ್ಲೂ ಕೇಳಿಸಿಕೊಂಡಿದ್ದೇನೆ. ಕೇಳುವವರ ಹತ್ತಿರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಗಲ್ಲಿಯ ಡಾಕ್ಟರು ಕೊಟ್ಟ ಮಂಡಿನೋವಿನ ಮಾತ್ರೆ, ಊರಿಂದ ತರಿಸಿದ ಚೂರ್ಣ, ಚಾಳಿನ ಬೋರ್‌ವೆಲ್ ನೀರು, ಯಾವುದೋ ಆಪರೇಷನ್ನಿನಲ್ಲಿ ಕೊಟ್ಟ ಇಂಜೆಕ್ಷನ್. ಮಾವನ ಪಟ್ಟಿಯಲ್ಲಿ ಡೊಂಬಿವಲಿಯ ಒಬ್ಬ ಡಾಕ್ಟರಿದ್ದರು. ಇಪ್ಪತ್ತೈದು ವರ್ಷದ ಸಕ್ಕರೆ ಕಾಯಿಲೆ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ನಾಲ್ಕು ಗಂಟೆ ಅವರನ್ನು ಅಲುಗದಂತೆ ಕೂರಿಸಬೇಕಿತ್ತು. ಮಾತಿಗೆ ಜಯಪ್ರಕಾಶ ನಾರಾಯಣರನ್ನು, ಇಂದಿರಾ ಗಾಂಧಿ ಸರಕಾರದ ವಿರುದ್ಧ ಚಳವಳಿ ನಡೆಸಿದ ಜೆಪಿಯವರನ್ನು, ಎಳೆದುಕೊಂಡೆ. ಹೊಸದಾಗಿ ಸೇರುವ ಹುಡುಗರಿಗೂ ನಾನು ಮೊದಲು ಹೇಳುವುದು ಇದೇ ಪ್ರಕರಣವನ್ನು. ಆದರೆ ಮಾವನಿಗೆ ಹೇಳುವಾಗ ಒಂದು ವ್ಯತ್ಯಾಸವಿತ್ತು: ಈ ಕಥೆಯ ಒಂದು ತುಂಡು ಅವರ ಹತ್ತಿರವೇ ಇತ್ತು. 1979ರಲ್ಲಿ ಅವರು ಪೆಡ್ಡರ್ ರೋಡಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದರು. ಜಸ್ಲೋಕ್ ಆಸ್ಪತ್ರೆಗೆ ಅಲ್ಲಿಂದ ನಡೆದೇ ಹೋಗಬಹುದು.

ರೋಗಿ

ಕೇಸ್ ಪೇಪರಿನ ಧಾಟಿಯಲ್ಲಿ ಬರೆದರೆ ಹೀಗಾಗುತ್ತದೆ. ಗಂಡಸು, ವಯಸ್ಸು 73. ಜನನ 1902ರ ಅಕ್ಟೋಬರ್ 11, ಊರು ಸಿತಾಬ್‌ದಿಯಾರಾ. ಹಲವು ವರ್ಷಗಳ ಸಕ್ಕರೆ ಕಾಯಿಲೆ. ಹೃದಯದ ತೊಂದರೆ. ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು). 1974ರಲ್ಲಿ ಪ್ರಾಸ್ಟೇಟ್ ಆಪರೇಷನ್. ಪತ್ನಿ ಪ್ರಭಾವತಿ 1973ರ ಏಪ್ರಿಲ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಕಿಡ್ನಿ ತೊಂದರೆ: ಹಿಂದೆ ಇರಲಿಲ್ಲ ಎಂದು ರೋಗಿಯ ಹೇಳಿಕೆ.

ಮುಂದೆ ದೇಶವೇ ಜಗಳವಾಡಿದ್ದು ಈ ಕೊನೆಯ ಸಾಲಿನ ಮೇಲೆ. ಅದಕ್ಕೇ ಹೋಗುವ ಮೊದಲು ಮೇಲಿನ ಸಾಲುಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕೇಸ್ ಪೇಪರ್ ಓದುವವರು ಸಾಮಾನ್ಯವಾಗಿ ಎಡವುವುದು ಅಲ್ಲೇ.

ಜೆಪಿ ದೇಹವನ್ನು ಮುದ್ದು ಮಾಡಿ ಸಾಕಿದವರಲ್ಲ. 1942ರ ದೀಪಾವಳಿಯ ರಾತ್ರಿ ಹಜಾರಿಬಾಗ್ ಜೈಲಿನ ಗೋಡೆ ದಾಟಿ ತಪ್ಪಿಸಿಕೊಂಡರು. ಮರುವರ್ಷ ಸಿಕ್ಕಿಬಿದ್ದು ಲಾಹೋರ್ ಕೋಟೆಯಲ್ಲಿ ವಿಚಾರಣೆಯ ಹಿಂಸೆ ಅನುಭವಿಸಿದರು. 1952ರಲ್ಲಿ ಇಲ್ಲೇ ಪುಣೆಯಲ್ಲಿ, ಡಾ. ದಿನ್‌ಶಾ ಮೆಹ್ತಾ ಅವರ ಪ್ರಕೃತಿ ಚಿಕಿತ್ಸಾಲಯದಲ್ಲಿ, 21 ದಿನ ಉಪವಾಸ ಮಾಡಿದರು. ಅಂಚೆ ನೌಕರರಿಗೆ ತಾನು ಕೊಟ್ಟ ಮಾತು ಉಳಿಯಲಿಲ್ಲ ಎಂಬುದಕ್ಕೆ ಮಾಡಿಕೊಂಡ ಪ್ರಾಯಶ್ಚಿತ್ತವಂತೆ ಅದು. ಉಪವಾಸಗಳೇ ಕಿಡ್ನಿ ಕೆಡಿಸಿದವು ಎಂದು ನಾನು ಹೇಳುತ್ತಿಲ್ಲ. ದೇಹ ಕೊಡುವ ಸೂಚನೆಗಳನ್ನು ಪಕ್ಕಕ್ಕೆ ಸರಿಸಿ ಕೆಲಸಕ್ಕೆ ಹೋಗುವುದು ಆ ತಲೆಮಾರಿನವರಿಗೆ ರೂಢಿಯಾಗಿತ್ತು, ಅಷ್ಟೇ. ನಮ್ಮ ಹೋಟೆಲ್ ಮಾವಂದಿರಿಗೂ ಅದೇ ರೂಢಿ; ಬೆಳಗಿನ ನಾಲ್ಕಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ಕಾಲು ಊದಿಕೊಂಡಿದ್ದರೆ ‘ನಿಂತೂ ನಿಂತೂ ಹೀಗಾಯ್ತು’ ಎಂದು ಮಲಗುತ್ತಾರೆ.

ಇನ್ನು 1974. ಏಪ್ರಿಲ್ 8ರಂದು ಪಾಟ್ನಾದಲ್ಲಿ ಮೌನ ಮೆರವಣಿಗೆ. ಅದಾದ ಮೇಲೆ ಪ್ರಾಸ್ಟೇಟ್ ಚಿಕಿತ್ಸೆಗೆಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಅಲ್ಲಿಂದ ವಾಪಸ್ ಬಂದ ಕೆಲವೇ ದಿನಕ್ಕೆ, ಜೂನ್ 5ರಂದು, ಗಾಂಧಿ ಮೈದಾನದಲ್ಲಿ ‘ಸಂಪೂರ್ಣ ಕ್ರಾಂತಿ’ಯ ಕರೆ. ನವೆಂಬರ್ 4ರಂದು ಪಾಟ್ನಾದ ಬೀದಿಯಲ್ಲಿ ಲಾಠಿ ಪ್ರಹಾರ. ಅವರ ಮೇಲೆ ಬೀಳಬೇಕಿದ್ದ ಏಟಿಗೆ ಜನಸಂಘದ ನಾಯಕ ನಾನಾಜಿ ದೇಶಮುಖ್ ಕೈ ಅಡ್ಡ ಕೊಟ್ಟರು.

ನಮ್ಮ ಕೆಲಸದ ಕಣ್ಣಿನಿಂದ ನೋಡಿದರೆ ಇಲ್ಲಿ ಮುಖ್ಯವಾದವು ಎರಡೇ: ಸಕ್ಕರೆ ಮತ್ತು ಪ್ರಾಸ್ಟೇಟ್. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದರೆ ಮೂತ್ರದ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಹಿಂದಕ್ಕೆ ತಳ್ಳಿ ಕಿಡ್ನಿಯವರೆಗೆ ಹೋಗುತ್ತದೆ. ಮಳೆಗಾಲದಲ್ಲಿ ಗಟಾರ ಕಟ್ಟಿದರೆ ಚಾಳಿನ ನೆಲಮಹಡಿಯ ಖೋಲಿಗೆ ನೀರು ನುಗ್ಗುವುದಿಲ್ಲವೇ, ಹಾಗೆ. ಸಕ್ಕರೆಯದ್ದು ಬೇರೆ ಬಗೆ. ಅದು ಕಿಡ್ನಿಯೊಳಗಿನ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲನ್ನು ವರ್ಷಗಟ್ಟಲೆ ಸವೆಸುತ್ತದೆ. ನೋವಿಲ್ಲ, ಜ್ವರವಿಲ್ಲ. ಕಿಡ್ನಿಯ ಅರ್ಧ ಕೆಲಸ ನಿಂತುಹೋದರೂ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ) ರಿಪೋರ್ಟಿನಲ್ಲಿ ಗಾಬರಿಯಾಗುವಂಥದ್ದು ಕಾಣದೆ ಇರಬಹುದು. ಕಾಣುವ ಹೊತ್ತಿಗೆ ದಾರಿಯ ಬಹುಭಾಗ ಮುಗಿದಿರುತ್ತದೆ. ಮೂತ್ರದಲ್ಲಿ ಸೋರುವ ಅತಿ ಸಣ್ಣ ಪ್ರಮಾಣದ ಆಲ್ಬುಮಿನ್ ಎಂಬ ಪ್ರೋಟೀನನ್ನು ಹಿಡಿದು ಮೊದಲೇ ಎಚ್ಚರಿಸುವ ಈಗಿನ ಪರೀಕ್ಷೆ ಆಗ ವಾಡಿಕೆಯಲ್ಲೇ ಇರಲಿಲ್ಲ.

ಆದ್ದರಿಂದ ‘ಹಿಂದೆ ಕಿಡ್ನಿ ತೊಂದರೆ ಇರಲಿಲ್ಲ’ ಎಂಬ ಸಾಲನ್ನು ನಾನು ‘ಹಿಂದೆ ಕಿಡ್ನಿ ತೊಂದರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ’ ಎಂದು ಓದುತ್ತೇನೆ. ಹುಡುಗರಿಗೂ ಹಾಗೇ ಓದಲು ಹೇಳುತ್ತೇನೆ.

ಬೀಗ ಹಾಕಿದ ವಾರ್ಡು

1975ರ ಜೂನ್ 25ರ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಭಾಷಣ, ಅದೇ ರಾತ್ರಿ ಇಂದಿರಾ ಗಾಂಧಿ ಸರಕಾರದ ತುರ್ತು ಪರಿಸ್ಥಿತಿ. ಬೆಳಕು ಹರಿಯುವ ಮೊದಲೇ ಗಾಂಧಿ ಪೀಸ್ ಫೌಂಡೇಶನ್ನಿನಲ್ಲಿ ಮಲಗಿದ್ದ ಜೆಪಿಯವರನ್ನು ಬಂಧಿಸಿದರು. ಮೊದಲು ಹರಿಯಾಣದ ಸೋಹ್ನಾ, ಅಲ್ಲಿಂದ ದೆಹಲಿಯ ಏಮ್ಸ್, ಜುಲೈ 1ಕ್ಕೆ ಚಂಡೀಗಢದ ಪಿಜಿಐ ಆಸ್ಪತ್ರೆ. ನವೆಂಬರ್ 12ರವರೆಗೆ ಅಲ್ಲೇ.

ಇಲ್ಲಿ ಮಾವ ತಲೆ ಎತ್ತಿದರು. “ಅಂದರೆ ಜೈಲಿಗೆ ಹಾಕಲಿಲ್ಲವಾ? ಆಸ್ಪತ್ರೆಗೆ ಹಾಕಿದ್ದಾ?”

“ಆಸ್ಪತ್ರೆಯೇ ಜೈಲು ಮಾವ. ಕೈ ಆಡಿಸಬೇಡಿ.”

ದೇಶದ ಅತ್ಯುತ್ತಮ ಆಸ್ಪತ್ರೆಗಳಲ್ಲೊಂದು. ಸುತ್ತ ತಜ್ಞ ವೈದ್ಯರು, ಪ್ರಯೋಗಾಲಯ, ನರ್ಸುಗಳು. ಆದರೂ ಆ ನಾಲ್ಕೂವರೆ ತಿಂಗಳಲ್ಲಿ ರೋಗಿ ಕುಸಿಯುತ್ತಲೇ ಹೋದರು. ಜುಲೈ 21ರಿಂದ ಅವರು ಬರೆಯತೊಡಗಿದ ದಿನಚರಿಯಲ್ಲಿ ಏಕಾಂತ ಎದ್ದು ಕಾಣುತ್ತದೆ. ಮಾತಾಡಲು ಜನವಿಲ್ಲ. ಆಗಸ್ಟ್‌ನಲ್ಲಿ ಪಾಟ್ನಾಕ್ಕೆ ನೆರೆ ಬಂದಾಗ ಪರಿಹಾರ ಕೆಲಸಕ್ಕೆಂದು ಪರೋಲ್ ಕೇಳಿದರು, ಸಿಗಲಿಲ್ಲ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹೊಟ್ಟೆನೋವು ಜೋರಾಯಿತು. ಆಮೇಲೆ ಊಟ ಸೇರದು, ನಡೆಯಲು ಶಕ್ತಿಯಿಲ್ಲ, ಮುಖ ಊದಿಕೊಂಡಿತು. ಅವರ ಉಸ್ತುವಾರಿ ಹೊತ್ತಿದ್ದ ಚಂಡೀಗಢದ ಜಿಲ್ಲಾಧಿಕಾರಿ ಎಂ.ಜಿ. ದೇವಸಹಾಯಂ, ಈ ಮನುಷ್ಯ ಬಂಧನದಲ್ಲಿ ತೀರಿಕೊಂಡರೆ ಏನಾದೀತು ಎಂದು ಮೇಲಿನವರ ಕಿವಿಗೆ ಹಾಕಿದವರಲ್ಲಿ ಒಬ್ಬರು.

ನವೆಂಬರ್ 12ರಂದು ಪರೋಲ್ ಮೇಲೆ ಬಿಟ್ಟರು. ಕೆಲವು ದಿನ ದೆಹಲಿಯ ಏಮ್ಸ್. ಅಲ್ಲಿಂದ ನವೆಂಬರ್ 22ರಂದು ಬೊಂಬಾಯಿ, ಜಸ್ಲೋಕ್. (ಎರಡು ವರ್ಷದ ಹಿಂದೆ, 1973ರ ಜುಲೈಯಲ್ಲಿ ಈ ಆಸ್ಪತ್ರೆಯನ್ನು ಉದ್ಘಾಟಿಸಿದವರು ಇಂದಿರಾ ಗಾಂಧಿಯವರೇ. ಪೆಡ್ಡರ್ ರೋಡಿನ ಹೋಟೆಲುಗಳಲ್ಲಿ ಇದು ಆಗ ಚಹಾದ ಜೊತೆ ಬಡಿಸುತ್ತಿದ್ದ ಮಾತು ಎಂದು ಮಾವ ಸೇರಿಸಿದರು.) ಜಸ್ಲೋಕ್‌ನ ನೆಫ್ರಾಲಜಿ (ಕಿಡ್ನಿ ಚಿಕಿತ್ಸೆ) ವಿಭಾಗದ ಡಾ. ಎಂ.ಕೆ. ಮಣಿ ಮತ್ತು ತಂಡ ಕಂಡದ್ದು ಎರಡೂ ಕಿಡ್ನಿಗಳ ವೈಫಲ್ಯ, ವಾಪಸ್ ಬರಲಾರದ್ದು. ಇನ್ನು ಬದುಕಿರುವವರೆಗೂ ಡಯಾಲಿಸಿಸ್. ಡಿಸೆಂಬರ್ ಮೊದಲ ವಾರದಲ್ಲಿ ಸರಕಾರ ಬಂಧನದ ಆದೇಶವನ್ನೇ ರದ್ದು ಮಾಡಿತು.

ಯಾರು?

ಇಲ್ಲಿಂದ ಮಾವನ ಪ್ರಶ್ನೆಯೇ ದೇಶದ ಪ್ರಶ್ನೆಯಾಯಿತು. ಒಳಗೆ ಹೋಗುವಾಗ ನಡೆದುಕೊಂಡು ಹೋದವರು ಹೊರಗೆ ಬರುವಾಗ ಕಿಡ್ನಿ ಕಳೆದುಕೊಂಡಿದ್ದರು. ಏನು ಕೊಟ್ಟರು? ಬೇಕೆಂದೇ ಮಾಡಿದರೇ? ಜೆಪಿಯವರಿಗೇ ಆ ಅನುಮಾನವಿತ್ತು, ಅದನ್ನವರು ಮುಚ್ಚಿಡಲಿಲ್ಲ. 1977ರಲ್ಲಿ ಸರಕಾರ ಬದಲಾದ ಮೇಲೆ ಚಂಡೀಗಢದ ಚಿಕಿತ್ಸೆಯ ಬಗ್ಗೆ ವಿಚಾರಣೆಗೆ ನೇಮಕವಾದವರು ಕರ್ನಾಟಕದ ಡಾ. ನಾಗಪ್ಪ ಆಳ್ವರು. ಸ್ವತಃ ವೈದ್ಯರು, ರಾಜಕಾರಣಿಯೂ ಹೌದು.

“ಆಳ್ವರಾ? ನಮ್ಮ ಕಡೆಯವರಲ್ವಾ?” ಮಾವನ ಮುಖ ಅರಳಿತು. ಮುಂಬೈಯಲ್ಲಿ ನಮ್ಮವರಿಗೆ ಯಾವ ಸುದ್ದಿಯೂ ‘ಯಾವ ಊರಿನವರು, ಯಾವ ಮನೆಯವರು’ ಎಂದು ಕೇಳದೆ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ.

ಬೇಕೆಂದೇ ಕಿಡ್ನಿ ಕೆಡಿಸಿದರು ಎಂಬ ಆರೋಪ ಸಾಬೀತಾಗಲಿಲ್ಲ. ಆದರೆ ಸಾಬೀತಾಗದ ಮಾತ್ರಕ್ಕೆ ಅದು ಜನರ ಬಾಯಿಂದ ಹೋಗಲೂ ಇಲ್ಲ. ಏಕೆ ಹೋಗಲಿಲ್ಲ ಎಂಬುದೇ ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು.

ವೈದ್ಯಕೀಯವಾಗಿ ನೋಡಿ. ವಯಸ್ಸು 73, ಹಳೆಯ ಸಕ್ಕರೆ, ಮೂತ್ರದ ದಾರಿ ಕಟ್ಟಿದ್ದ ಇತಿಹಾಸ. ಇಂಥವರ ಕಿಡ್ನಿ ಮೊದಲೇ ಅಂಚಿನಲ್ಲಿ ನಿಂತಿರುತ್ತದೆ. ಅಂಚಿನಲ್ಲಿರುವ ಕಿಡ್ನಿಗೆ ಒಂದು ಸೋಂಕು ಸಾಕು, ನಾಲ್ಕು ದಿನ ನೀರು ಕಡಿಮೆಯಾದರೆ ಸಾಕು, ಬೇರೆಯವರಿಗೆ ಏನೂ ಮಾಡದ ಒಂದು ಔಷಧಿ ಸಾಕು. ತಳ್ಳಲು ಯಾರೂ ಇಲ್ಲದಿದ್ದರೂ ಅದು ತಾನಾಗಿಯೇ ಜಾರಬಹುದು. ನನಗೆ ತೋರುವಂತೆ ಕಾಯಿಲೆ ಚಂಡೀಗಢಕ್ಕೆ ಅವರ ಜೊತೆಯಲ್ಲೇ ಹೋಗಿತ್ತು. ಅಲ್ಲಿ ಅದಕ್ಕೆ ಬೇಕಾದ ಕಾಲಾವಕಾಶ ಸಿಕ್ಕಿತು. ಇದು ಒಬ್ಬ ಟೆಕ್ನಿಷಿಯನ್ನಿನ ಅಂದಾಜು, ತೀರ್ಪಲ್ಲ.

ಆದರೆ ಹೀಗೆ ಅಂದಾಜು ಮಾಡುವಾಗಲೂ ನನಗೆ ಚಂಡೀಗಢವನ್ನು ಸುಲಭವಾಗಿ ಬಿಟ್ಟುಬಿಡಲು ಮನಸ್ಸಾಗುವುದಿಲ್ಲ. ಒಬ್ಬ ರೋಗಿಗೆ ಇರುವ ಸಣ್ಣ ಸಣ್ಣ ಸ್ವಾತಂತ್ರ್ಯಗಳನ್ನು ಎಣಿಸಿ. ಈ ಡಾಕ್ಟರು ಸರಿಯಿಲ್ಲ ಎನಿಸಿದರೆ ಇನ್ನೊಬ್ಬರ ಹತ್ತಿರ ಹೋಗುವುದು. ರಿಪೋರ್ಟನ್ನು ಪರಿಚಯದ ಕಾಂಪೌಂಡರಿಗೆ ತೋರಿಸಿ ‘ಇದೇನು ನೋಡಪ್ಪ’ ಎನ್ನುವುದು. ರಾತ್ರಿ ಹೆಂಡತಿಯೋ ಮಗಳೋ ‘ಮುಖ ಯಾಕೆ ಹೀಗೆ ಊದಿದೆ, ನಾಳೆ ತೋರಿಸಿ’ ಎಂದು ಗದರುವುದು. ನನ್ನ ಅನುಭವದಲ್ಲಿ ಕಿಡ್ನಿ ಕಾಯಿಲೆಯನ್ನು ಮೊದಲು ಹಿಡಿಯುವುದು ಎಷ್ಟೋ ಸಲ ಈ ಮೂರನೆಯವರೇ. ಬೀಗದೊಳಗಿನ ರೋಗಿಗೆ ಈ ಮೂರೂ ಇಲ್ಲ. ಅವರ ಡಾಕ್ಟರಿಗೆ ಸಂಬಳ ಕೊಡುವುದೂ ಅವರನ್ನು ಕೂಡಿಟ್ಟದ್ದೂ ಒಂದೇ ಸರಕಾರ. ಆ ಡಾಕ್ಟರು ಪ್ರಾಮಾಣಿಕವಾಗಿ ದುಡಿದಿದ್ದರೂ ಅವರು ಬರೆದ ಕಾಗದವನ್ನು ಹೊರಗಿನವರು ನಂಬುವುದಿಲ್ಲ. ಕಾಯಿಲೆಯವನನ್ನು ಕೂಡಿಹಾಕಿದ ದಿನವೇ ಸರಕಾರ ತನ್ನ ವೈದ್ಯರನ್ನೂ ಕಟಕಟೆಗೆ ಹತ್ತಿಸಿದ ಹಾಗೆ.

ಇದು ಒಬ್ಬರ ವಿಷಯವೂ ಅಲ್ಲ. ಅದೇ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ ಪರೋಲ್ ಮೇಲೆ ಹೊರಬಂದು ಕೆಲವೇ ದಿನಕ್ಕೆ, 1977ರ ಜನವರಿ 20ರಂದು, ತೀರಿಕೊಂಡರು. ಆಸ್ತಮಾ ಅವರಿಗೆ ಮೊದಲೇ ಇತ್ತು. ಹಾಗೆಂದು ಜೈಲಿಗೆ ಅದರಲ್ಲಿ ಪಾಲಿಲ್ಲ ಎನ್ನಲಾದೀತೇ?

ಯಂತ್ರಕ್ಕೆ ಕಟ್ಟಿದ ರಾಜಕೀಯ

ಈಗ ಉಪನಗರದ ಸ್ಟೇಷನ್ನಿಗೊಂದರಂತೆ ಡಯಾಲಿಸಿಸ್ ಸೆಂಟರ್ ಇದೆ. 1975ರಲ್ಲಿ ಇಡೀ ದೇಶದಲ್ಲಿ ಈ ಸೌಲಭ್ಯ ಕೆಲವೇ ಆಸ್ಪತ್ರೆಗಳಲ್ಲಿ ಇತ್ತು. ಕಿಡ್ನಿ ಕೈಕೊಟ್ಟಿತು ಎಂದರೆ ಊರಿಗೆ ಕರಕೊಂಡು ಹೋಗಿ ಎಂದೇ ಅರ್ಥ. ಅದರಲ್ಲೂ 73 ವರ್ಷದ, ಸಕ್ಕರೆ ಮತ್ತು ಹೃದಯ ಎರಡೂ ಕೆಟ್ಟ ರೋಗಿಗೆ ಯಂತ್ರ ಕೊಡುವುದೇ ಬೇಡ ಎನ್ನುವ ದೇಶಗಳು ಆಗ ಇದ್ದವು. ಜಸ್ಲೋಕ್‌ನವರು ಕೊಟ್ಟರು. ಜೆಪಿ ಆಮೇಲೆ ಸುಮಾರು ನಾಲ್ಕು ವರ್ಷ ಬದುಕಿದರು.

ಯಂತ್ರ ಮಾಡುವ ಕೆಲಸ ಸರಳ, ಮಾಡುವ ರೀತಿ ಸರಳವಲ್ಲ. ರಕ್ತವನ್ನು ದೇಹದಿಂದ ಹೊರಗೆ ತಂದು, ತೆಳುವಾದ ಪೊರೆಯ ಒಂದು ಬದಿಯಲ್ಲಿ ಹರಿಸಬೇಕು. ಇನ್ನೊಂದು ಬದಿಯಲ್ಲಿ ಲವಣ ಬೆರೆಸಿದ ಶುದ್ಧ ನೀರು. ರಕ್ತದ ಕಲ್ಮಶ ಪೊರೆಯ ಸಣ್ಣ ರಂಧ್ರಗಳಿಂದ ನೀರಿಗೆ ಇಳಿಯುತ್ತದೆ. ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ನೀರು. ಕಷ್ಟ ಇರುವುದು ರಕ್ತವನ್ನು ಹೊರಗೆ ತರುವುದರಲ್ಲಿ. ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ, ದೊಡ್ಡ ಧಾರೆಯಾಗಿ ರಕ್ತ ಸಿಗಬೇಕು; ಸಾಮಾನ್ಯ ರಕ್ತನಾಳ ಅದನ್ನು ತಡೆಯುವುದಿಲ್ಲ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯ ಶಂಟ್ (ರಕ್ತನಾಳಗಳಿಗೆ ಜೋಡಿಸಿ ಹಾಗೇ ಬಿಡುವ ಕೊಳವೆ) ಮಾಡಿದ ಮೇಲೆಯೇ ಕಾಯಂ ಡಯಾಲಿಸಿಸ್ ಸಾಧ್ಯವಾದದ್ದು. 1966ರಿಂದ ಫಿಸ್ಟುಲಾ ಬಂತು: ಮುಂಗೈಯಲ್ಲಿ ಶುದ್ಧರಕ್ತನಾಳಕ್ಕೆ ಅಶುದ್ಧರಕ್ತನಾಳ ಹೊಲಿದು ಅದನ್ನು ದಪ್ಪ ಮಾಡುವುದು. ಮಾವನ ಕೈಯಲ್ಲಿರುವುದೂ ಅದೇ. ಕಿವಿಗೆ ಹಿಡಿದರೆ ಗಿರಣಿಯ ಹಾಗೆ ಗುಂಯ್ ಎನ್ನುತ್ತದೆ. ಜೆಪಿಯವರನ್ನು 1977ರ ಮೇ ತಿಂಗಳಲ್ಲಿ ಚಿಕಿತ್ಸೆಗೆ ಅದೇ ಸಿಯಾಟಲ್‌ಗೆ ಕರೆದುಕೊಂಡು ಹೋಗಿದ್ದರು.

ಆಗಿನ ಕಾಲದ ಡಯಾಲಿಸಿಸ್ ರೋಗಿಯ ದೇಹಸ್ಥಿತಿ ಈಗಿನ ಹುಡುಗರಿಗೆ ಅಂದಾಜಾಗುವುದಿಲ್ಲ. ರಕ್ತ ಹೆಚ್ಚಿಸುವ ಎರಿಥ್ರೊಪೊಯಟಿನ್ ಇಂಜೆಕ್ಷನ್ ಬಳಕೆಗೆ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ರೋಗಿಗಳು ಸದಾ ಬಿಳಿಚಿಕೊಂಡಿರುತ್ತಿದ್ದರು, ನಾಲ್ಕು ಮೆಟ್ಟಿಲಿಗೆ ಏದುಸಿರು, ಆಗಾಗ ರಕ್ತದ ಬಾಟಲಿ. ಸರದಿ ಮುಗಿಸಿ ಎದ್ದ ದಿನ ತಲೆಸುತ್ತು, ಕಾಲು ಸೆಳೆತ. ಒಂದು ದಿನ ಯಂತ್ರಕ್ಕೆ, ಅದರ ಸುಸ್ತಿಗೆ ಅರ್ಧ ದಿನ. ಉಳಿದದ್ದಷ್ಟೇ ಸ್ವಂತದ್ದು.

ಆ ಉಳಿದ ಹೊತ್ತಿನಲ್ಲಿ ಜೆಪಿ ಏನು ಮಾಡಿದರು ಎಂಬುದನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಬೊಂಬಾಯಿಯಲ್ಲಿ ಇದ್ದಾಗ ನರೀಮನ್ ಪಾಯಿಂಟಿನ ಎಕ್ಸ್‌ಪ್ರೆಸ್ ಟವರ್ಸ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯ ಒಡೆಯ ರಾಮನಾಥ ಗೋಯೆಂಕಾ ಅವರಲ್ಲಿ ತಂಗುತ್ತಿದ್ದರು. ವಿರೋಧ ಪಕ್ಷಗಳವರು ಅವರನ್ನು ಹುಡುಕಿಕೊಂಡು ಈ ಊರಿಗೇ ಬರಬೇಕಾಯಿತು. ಯಂತ್ರ ಎಲ್ಲಿದೆಯೋ ನಾಯಕ ಅಲ್ಲಿ. ಒಂದೇ ಪಕ್ಷವಾಗಿ ಎಂದು 1976ರಲ್ಲಿ ಅವರಿಗೆಲ್ಲ ಒತ್ತಾಯ ಮಾಡಿದ್ದು ಬೊಂಬಾಯಿಯಲ್ಲೇ. ಜನತಾ ಪಕ್ಷ ಎಲ್ಲಿ ಹುಟ್ಟಿತು ಎಂದು ಯಾರಾದರೂ ಕೇಳಿದರೆ, ಅದರ ಬಸಿರಿನ ದಿನಗಳು ಒಂದು ಡಯಾಲಿಸಿಸ್ ವೇಳಾಪಟ್ಟಿಯ ಸಂದಿನಲ್ಲಿ ಕಳೆದವು ಎನ್ನಬಹುದು. 1977ರ ಜನವರಿ 18ರಂದು ಚುನಾವಣೆ ಘೋಷಣೆಯಾದಾಗ ಎರಡು ಸರದಿಗಳ ನಡುವೆ ಊರೂರು ತಿರುಗಿದರು. ಮಾರ್ಚ್ 24ರಂದು ರಾಜಘಾಟದಲ್ಲಿ ಗೆದ್ದ ಸಂಸದರಿಗೆ ಪ್ರತಿಜ್ಞೆ ಬೋಧಿಸಿದರು.

ಪಾಟ್ನಾದ ಕದಮ್‌ಕುಆಂ ಮನೆಯಲ್ಲೇ ಡಯಾಲಿಸಿಸ್ ಆಗಲಿ ಎಂದು ಯಂತ್ರ ಕೊಳ್ಳಲು ಹಣ ಕೂಡಿಸಿದ್ದೂ ಒಂದು ಕಥೆ. ಜನರಿಂದ ಒಂದೊಂದು ರೂಪಾಯಿ ಎತ್ತುತ್ತಿದ್ದರು. ಪ್ರಧಾನಿ ಪರಿಹಾರ ನಿಧಿಯಿಂದ ಇಂದಿರಾ ಗಾಂಧಿ 90,000 ರೂಪಾಯಿ ಕಳಿಸಿದರು. ಜೆಪಿ ಅದನ್ನು ಹಿಂದಿರುಗಿಸಿದರು. ಕೆಲಸದವನ ಲೆಕ್ಕ ಹೇಳಬೇಕೆಂದರೆ, 1975ರ ನವೆಂಬರ್ 22ರಿಂದ ಕೊನೆಯ ದಿನದವರೆಗೆ ಸುಮಾರು 202 ವಾರ. ವಾರಕ್ಕೆ ಎರಡು ಸರದಿ ಎಂದರೆ ನಾನೂರು, ಮೂರು ಎಂದರೆ ಆರುನೂರು. ಅಷ್ಟು ಸಲ ಆ ವಯಸ್ಸಿನ ತೋಳಿಗೆ ಕೊಳವೆ ಜೋಡಿಸಿದ ಟೆಕ್ನಿಷಿಯನ್ನುಗಳ ಹೆಸರು ಯಾವ ಇತಿಹಾಸದಲ್ಲೂ ಇಲ್ಲ. ನನಗೆ ಅವರನ್ನು ಕಂಡರೆ ಸಾಕಿತ್ತು.

ಸಾಯದೆ ಸತ್ತ ದಿನ

ಈ ಭಾಗ ಹೇಳಿದ್ದು ಮಾವ.

“ಮಧ್ಯಾಹ್ನದ ರಶ್ಶು. ನಮ್ಮ ಗಲ್ಲಾ ಮೇಲೆ ಒಂದು ರೇಡಿಯೊ ಇತ್ತು. ಹಾಡು ಬರ್ತಾ ಇದ್ದದ್ದು ನಿಂತಿತು. ಆಮೇಲೆ ಅದೇ ಅಳುವ ವಾದ್ಯ. ಜೆಪಿ ಹೋದ್ರು ಅಂದ್ರು. ಶೇಟ್ರು ಶಟರ್ ಎಳೀರಿ ಅಂದ್ರು. ಅನ್ನದ ತಟ್ಟೆ ಬಿಟ್ಟು ಗಿರಾಕಿಗಳು ಎದ್ದು ಹೋದ್ರು, ಬಿಲ್ ಯಾರು ಕೇಳೋದು? ಒಂದು ಪಾತ್ರೆ ಸಾಂಬಾರು ಹಾಗೇ ಉಳಿಯಿತು. ಎಲ್ಲಾ ಅಂಗಡಿ ಬಂದ್. ನಾವು ನಾಲ್ಕು ಜನ ಹುಡುಗರು ಜಸ್ಲೋಕ್ ಕಡೆ ಓಡಿದೆವು. ಗೇಟ್ ಹತ್ತಿರ ಕಾಲಿಡಲಿಕ್ಕೆ ಜಾಗ ಇಲ್ಲ. ಅಲ್ಲಿ ನೋಡಿದ್ರೆ, ಇಲ್ಲ ಇಲ್ಲ, ಜೀವ ಉಂಟು ಅಂತಾರೆ!”

1979ರ ಮಾರ್ಚ್ 22. ಜೆಪಿ ಜಸ್ಲೋಕ್‌ನಲ್ಲಿ ತೀರಾ ಗಂಭೀರ ಸ್ಥಿತಿಯಲ್ಲಿದ್ದದ್ದು ನಿಜ. ದೆಹಲಿಗೆ ತಪ್ಪು ಸುದ್ದಿ ಮುಟ್ಟಿತು. ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲಿ ಅವರ ನಿಧನವನ್ನು ಪ್ರಕಟಿಸಿಬಿಟ್ಟರು. ಸದನ ಶೋಕ ಸೂಚಿಸಿ ಕಲಾಪ ಮುಂದೂಡಿತು. ಆಗ ಲೋಕಸಭೆಯ ಸ್ಪೀಕರ್ ನಿಟ್ಟೆಯ ಕೆ.ಎಸ್. ಹೆಗ್ಡೆಯವರು. (ಮಾವ ಇಲ್ಲೂ ಒಮ್ಮೆ ಮುಖ ಅರಳಿಸಿದರು, ಕೂಡಲೇ ಸಂದರ್ಭ ನೆನಪಾಗಿ ಸುಮ್ಮನಾದರು.) ಆಕಾಶವಾಣಿ ದೇಶಕ್ಕೆಲ್ಲ ಸಾರಿತು. ಆಸ್ಪತ್ರೆಯಲ್ಲಿದ್ದ ಜನತಾ ಪಕ್ಷದ ಅಧ್ಯಕ್ಷ ಚಂದ್ರಶೇಖರ್, ಅವರು ಬದುಕಿದ್ದಾರೆ ಎಂದು ಜನರಿಗೆ ಹೇಳಬೇಕಾಯಿತು.

ಪಾರ್ಲಿಮೆಂಟಿನಿಂದ ಆಸ್ಪತ್ರೆಯ ವಾರ್ಡಿಗೆ ಒಂದು ಟ್ರಂಕ್ ಕಾಲ್ ದೂರ. ಯಾರೂ ಹಾಸಿಗೆಯ ಪಕ್ಕದ ಡಾಕ್ಟರನ್ನು ಕೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಚಂಡೀಗಢದಲ್ಲಿ ಕೂಡ ರೋಗಿಯ ಸುತ್ತ ಇದ್ದದ್ದು ಸರಕಾರದ ಕಣ್ಣುಗಳೇ. ಒಂದು ಸರಕಾರಕ್ಕೆ ಅವರ ಕಾಯಿಲೆ ಕಾಣಲಿಲ್ಲ. ಅವರೇ ಕಟ್ಟಿದ ಇನ್ನೊಂದು ಸರಕಾರಕ್ಕೆ ಅವರ ಉಸಿರು ಕಾಣಲಿಲ್ಲ.

“ಆಮೇಲೆ ಏನು ಮಾಡಿದಿರಿ?” ಎಂದು ಕೇಳಿದೆ.

“ಏನು ಮಾಡೋದು, ಸಂಜೆ ಶಟರ್ ತೆಗೆದೆವು. ಸಾಂಬಾರು ಹಳಸಿತ್ತು.”

ಕೊನೆ

ಆ ಮಾರ್ಚಿನಿಂದ ಅವರು ಚೇತರಿಸಿಕೊಂಡು ಪಾಟ್ನಾಕ್ಕೆ ಮರಳಿದರು. ಜುಲೈಯಲ್ಲಿ ಜನತಾ ಸರಕಾರ ಒಡೆದು ಮೊರಾರ್ಜಿ ರಾಜೀನಾಮೆ ಕೊಟ್ಟರು, ಚರಣ್ ಸಿಂಗ್ ಪ್ರಧಾನಿಯಾದರು. ಮನೆಯೊಳಗೆ ಯಂತ್ರಕ್ಕೆ ಕೈ ಚಾಚಿ ಕೂತ ಜೆಪಿ ಇದನ್ನೆಲ್ಲ ಕೇಳಿಸಿಕೊಂಡಿರಬೇಕು. 1979ರ ಅಕ್ಟೋಬರ್ 8ರಂದು ಕದಮ್‌ಕುಆಂ ಮನೆಯಲ್ಲೇ ಹೃದಯ ನಿಂತಿತು. 77 ತುಂಬಲು ಮೂರು ದಿನ ಬಾಕಿ. ಗಂಗೆಯ ದಡದಲ್ಲಿ ಅಂತ್ಯಕ್ರಿಯೆ.

ಡಯಾಲಿಸಿಸ್ ರೋಗಿಗಳು ಹೋಗುವುದು ಹೆಚ್ಚಾಗಿ ಕಿಡ್ನಿಯಿಂದಲ್ಲ, ಹೃದಯದಿಂದ. ಎರಡು ಸರದಿಗಳ ನಡುವೆ ದೇಹದಲ್ಲಿ ನಿಲ್ಲುವ ನೀರನ್ನೆಲ್ಲ ಪಂಪು ಮಾಡಬೇಕಾದ್ದು ಅದೇ. ರಕ್ತದಲ್ಲಿ ಏರುವ ಪೊಟ್ಯಾಸಿಯಂ ಪೆಟ್ಟು ಹಾಕುವುದೂ ಅದಕ್ಕೇ. ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ಸಕ್ಕರೆಯಿದ್ದರೆ ಇದೆಲ್ಲ ಇನ್ನೂ ಬೇಗ. ಜೆಪಿಯವರ ಹೃದಯ 1975ಕ್ಕೆ ಮೊದಲೇ ಕೆಟ್ಟಿತ್ತು ಎಂಬುದನ್ನು ನೆನೆದರೆ ಆ ನಾಲ್ಕು ವರ್ಷ ಹೇಗೆ ಬಂದಿತು ಎಂದೇ ಬೆರಗಾಗುತ್ತದೆ.

ಇದನ್ನು ಹೇಳುವಾಗ ನಾನು ಮಾವನ ಊಟದ ಪಟ್ಟಿಗೆ ಬಂದಿದ್ದೆ, ಉಪಾಯವಾಗಿಯೇ. ಎಳನೀರು ಬೇಡ, ಬಾಳೆಹಣ್ಣು ಬೇಡ, ಎರಡರಲ್ಲೂ ಪೊಟ್ಯಾಸಿಯಂ. ಉಪ್ಪಿನಕಾಯಿ ಬೇಡ, ಬಾಯಾರಿಕೆ ಹೆಚ್ಚಿಸುತ್ತದೆ. ಕುಡಿಯುವ ನೀರಿಗೆ ಅಳತೆ. ನಮ್ಮ ಕಡೆಯವರಿಗೆ ಕಷ್ಟವಾಗುವುದು ಗಂಜಿ. ಅದನ್ನು ಯಾರೂ ‘ಕುಡಿದೆ’ ಎನ್ನುವುದಿಲ್ಲ, ‘ಉಂಡೆ’ ಎನ್ನುತ್ತಾರೆ; ಆದ್ದರಿಂದ ನೀರಿನ ಲೆಕ್ಕಕ್ಕೆ ಅದು ಸೇರುವುದೇ ಇಲ್ಲ. ಒಂದು ಬಟ್ಟಲು ಗಂಜಿಯಲ್ಲಿ ಅನ್ನ ಎಷ್ಟು, ತಿಳಿ ಎಷ್ಟು ಎಂದು ಅಡುಗೆಮನೆಯಲ್ಲಿ ನಿಂತು ಅಳೆದು ತೋರಿಸಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ತೂಕ ಹತೋಟಿಗೆ ಬಂದಿದೆ.

ಮೂರೂವರೆ ಗಂಟೆ ಆಗಿತ್ತು. ಯಂತ್ರದ ಪರದೆಯಲ್ಲಿ ತೆಗೆದ ನೀರಿನ ಅಂಕಿ 2,600 ಮಿಲಿ ಲೀಟರ್ ದಾಟಿತ್ತು. ಮಾವ ಅದನ್ನೇ ಸ್ವಲ್ಪ ಹೊತ್ತು ನೋಡಿದರು.

“ಅಷ್ಟು ನೀರು ನನ್ನೊಳಗೆ ಎಲ್ಲಿಂದ ಬಂತು?”

ನಾನು ಮಾತಾಡಲಿಲ್ಲ. ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿದೆ. ಅಂಕಿ ಬರೆದುಕೊಂಡೆ.

“ನಿನ್ನೆ ರಾತ್ರಿ ಗಂಜಿ ಉಂಡೆ,” ಎಂದರು ಮಾವ ದನಿ ತಗ್ಗಿಸಿ. “ಉಪ್ಪಿನಕಾಯಿ ಕೂಡ. ನಿನ್ನ ಅತ್ತೆಗೆ ಹೇಳಬೇಡ.”